ಮತದ ಎಲ್ಲೆ ಮೀರಿದ ಅನುಭಾವಿ: ಸಂತ ಶಿಶುನಾಳ ಶರೀಫರು

ಕನ್ನಡ ನಾಡಿನ ಆಧ್ಯಾತ್ಮಿಕ ಪರಂಪರೆಯನ್ನು ಅವಲೋಕಿಸುವಾಗ ಒಂದು ಸಂಗತಿ ಎದ್ದು ಕಾಣುತ್ತದೆ. ದೇವರನ್ನು ಅರಸಿ ಹೊರಟ ನಮ್ಮ ಹಿರಿಯರಲ್ಲಿ ಅನೇಕರು ತಾವು ಹುಟ್ಟಿದ ಮತದ ಚೌಕಟ್ಟಿನೊಳಗೇ ತೃಪ್ತರಾಗಿ ಕುಳಿತವರಲ್ಲ. 12ನೆಯ ಶತಮಾನದ ಅಲ್ಲಮಪ್ರಭು, ಅಕ್ಕಮಹಾದೇವಿಯರಿಂದ ಹಿಡಿದು 16ನೆಯ ಶತಮಾನದ ಕನಕದಾಸರವರೆಗೆ ಈ ಹುಡುಕಾಟ ಒಂದು ತೊರೆಯಂತೆ ಹರಿದುಬಂದಿದೆ. ಆ ತೊರೆ 19ನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಒಂದು ಚಿಕ್ಕ ಹಳ್ಳಿಯಲ್ಲಿ ಮತ್ತೊಮ್ಮೆ ಚಿಮ್ಮಿತು. ಅದರ ಹೆಸರೇ ಸಂತ ಶಿಶುನಾಳ ಶರೀಫ.

ಶರೀಫರ ಪದಗಳನ್ನು ಕೇಳದ ಕನ್ನಡಿಗರು ವಿರಳ. ಶಂಶಾಬಾದಿನಂತಹ ಹೊರನಾಡಿನಲ್ಲಿ ನೆಲೆಸಿ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಪೇಟೆಯಲ್ಲಿ ಉರ್ದು ಮಿಶ್ರಿತ ಹಿಂದಿ ಎಂದು ಮೂರು ಭಾಷೆಗಳ ನಡುವೆ ಬದುಕುತ್ತಿರುವ ನಮ್ಮ ಕುಟುಂಬಗಳಲ್ಲಿಯೂ ರಾಜ್ಯೋತ್ಸವ ಬಂತೆಂದರೆ ಮಕ್ಕಳ ಬಾಯಲ್ಲಿ ಶರೀಫರ ಹಾಡು ಬಂದೇ ಬರುತ್ತದೆ. ಆದರೆ ಹಾಡು ಪರಿಚಿತವಾದಷ್ಟು ಹಾಡಿದವರ ಬದುಕು ಪರಿಚಿತವಾಗಿಲ್ಲ. ಆ ಬದುಕಿನಲ್ಲಿ ಸಂತೋಷಕ್ಕಿಂತ ಸಂಕಟವೇ ಹೆಚ್ಚು. ಯಾವುದೇ ಒಂದು ಮತದ ನೆರಳಿಗೆ ತನ್ನನ್ನು ಪೂರ್ತಿಯಾಗಿ ಒಪ್ಪಿಸಿಕೊಳ್ಳದೆ ದೇವರ ಹತ್ತಿರ ಹೋಗಬಯಸಿದ ಮನುಷ್ಯ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಶರೀಫರ ಜೀವನ ಒಂದು ನಿದರ್ಶನ. ಆದಕಾರಣ ಅವರ ಜೀವನದ ಮುಖ್ಯ ಘಟ್ಟಗಳನ್ನು ಇಲ್ಲಿ ಸ್ಮರಿಸಲು ಬಯಸುತ್ತೇವೆ.

ಹುಟ್ಟು ಮತ್ತು ಬಾಲ್ಯ

ಶರೀಫರು ಜನಿಸಿದ್ದು 1819ರಲ್ಲಿ, ಶಿಶುವಿನಹಾಳ ಎಂಬ ಗ್ರಾಮದಲ್ಲಿ. ಜನರ ಆಡುಮಾತಿನಲ್ಲಿ ಅದು ಶಿಶುನಾಳವಾಗಿದೆ. ಅಂದು ಧಾರವಾಡ ಜಿಲ್ಲೆಗೆ ಸೇರಿದ್ದ ಶಿಗ್ಗಾವಿ ತಾಲ್ಲೂಕಿನ ಈ ಗ್ರಾಮವು 1997ರಲ್ಲಿ ಹಾವೇರಿ ಜಿಲ್ಲೆ ರಚನೆಯಾದ ಮೇಲೆ ಆ ಜಿಲ್ಲೆಗೆ ಸೇರಿತು. ಕನಕದಾಸರು ಹುಟ್ಟಿದ ಬಾಡ ಗ್ರಾಮವೂ ಇದೇ ಶಿಗ್ಗಾವಿ ತಾಲ್ಲೂಕಿನಲ್ಲಿದೆ ಎಂಬುದು ಗಮನಾರ್ಹ. ದೇವಾಲಯದ ಬಾಗಿಲಿನ ಹೊರಗೆ ನಿಂತು ದೇವರನ್ನು ಕಂಡವರೆಂದು ನಾಡು ನಂಬಿರುವ ಕನಕದಾಸರು ಹಾಗೂ ದೇವಾಲಯ ಮತ್ತು ದರ್ಗಾಗಳೆರಡರ ಅಂಗಳದಲ್ಲಿಯೂ ಹಾಡಿದ ಶರೀಫರು ಒಂದೇ ಮಣ್ಣಿನಲ್ಲಿ ಬೆಳೆದವರು.

ಶರೀಫರು ಹುಟ್ಟಿದ ಕಾಲ ಅಳಿವು ಉಳಿವುಗಳ ಕಾಲ. 1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡು ಧಾರವಾಡ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಹೋಗಿತ್ತು. ಹತ್ತಿರದಲ್ಲೇ ಸವಣೂರು ನವಾಬರ ಪುಟ್ಟ ಸಂಸ್ಥಾನವಿತ್ತು. ಶರೀಫರಿಗೆ ಐದು ವರ್ಷವಾಗಿದ್ದಾಗ, 1824ರಲ್ಲಿ, ಕಿತ್ತೂರು ರಾಣಿ ಚೆನ್ನಮ್ಮನ ಯುದ್ಧ ನಡೆಯಿತು. ಅರಸರು ಬದಲಾದರು, ಕಂದಾಯದ ಕ್ರಮ ಬದಲಾಯಿತು. ಆದರೆ ಹಳ್ಳಿಯ ಜೀವನದಲ್ಲಿ ಮಠ, ಮಸೀದಿ, ದರ್ಗಾ, ಗುಡಿಗಳ ಕೂಡುಬಾಳ್ವೆ ಹಾಗೆಯೇ ನಡೆದಿತ್ತು.

ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಈ ದಂಪತಿಗೆ ಬಹುಕಾಲ ಮಕ್ಕಳಿರಲಿಲ್ಲ. ಸಮೀಪದ ಹುಲಗೂರಿನಲ್ಲಿದ್ದ ಖಾದರಶಾ ವಲಿಯ ಸನ್ನಿಧಿಯಲ್ಲಿ ಹರಕೆ ಹೊತ್ತ ಬಳಿಕ ಮಗು ಹುಟ್ಟಿತೆಂಬುದು ಪ್ರತೀತಿ. ಈ ಖಾದರಶಾ ಪರಂಪರೆಯ ವೈಶಿಷ್ಟ್ಯವನ್ನು ಇಲ್ಲಿ ಹೇಳಲೇಬೇಕು. ಅವರು ಸೂಫಿ ಸಂತರಾಗಿದ್ದೂ ಹಿಂದೂ ಮುಸಲ್ಮಾನರನ್ನು ಒಂದುಗೂಡಿಸುವ ಹಂಬಲದಿಂದ ಶಿಷ್ಯರಿಗೆ ಲಿಂಗದೀಕ್ಷೆಯನ್ನೂ ಕೊಡುತ್ತಿದ್ದರೆಂದು ಆ ಸೀಮೆಯ ಜನ ನಂಬುತ್ತಾರೆ. ಇಮಾಮ್ ಸಾಹೇಬರು ಆ ಪರಂಪರೆಯ ಭಕ್ತರು. ಆದ್ದರಿಂದ ಅವರ ಮನೆಯಲ್ಲಿ ಕುರಾನಿನ ಜೊತೆಗೆ ರಾಮಾಯಣ, ಮಹಾಭಾರತಗಳ ಕಥೆಗಳೂ ಅಲ್ಲಮಪ್ರಭುವಿನ ತತ್ತ್ವಗಳೂ ಮಗುವಿನ ಕಿವಿಗೆ ಬಿದ್ದವು. ಅಂದರೆ ಶರೀಫರ ಮನಸ್ಸಿನಲ್ಲಿ ಮತದ ಗೋಡೆ ಮೊದಲು ಎದ್ದು ಆಮೇಲೆ ಒಡೆದದ್ದಲ್ಲ. ಗೋಡೆ ಏಳುವುದಕ್ಕೆ ತಂದೆತಾಯಿ ಅವಕಾಶವನ್ನೇ ಕೊಟ್ಟಿರಲಿಲ್ಲ. ಮಕ್ಕಳನ್ನು ಬೆಳೆಸುವ ನಾವೆಲ್ಲರೂ ನೆನಪಿಡಬೇಕಾದ ಮಾತಿದು.

ಬಾಲಕ ಮಹಮ್ಮದ ಶರೀಫ ಓದಿನಲ್ಲಿ ಚುರುಕಾಗಿದ್ದನು. ಕನ್ನಡವನ್ನೂ ಉರ್ದುವನ್ನೂ ಕಲಿತು, ಅಂದಿನ ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾದನು. ಆ ಕಾಲದಲ್ಲಿ ಮುಲ್ಕಿ ಪಾಸಾದವರಿಗೆ ಸರಕಾರಿ ನೌಕರಿ ಕೈಗೆಟಕುವಂತಿತ್ತು. ಶರೀಫರು ಸುತ್ತಮುತ್ತಲ ಹಳ್ಳಿಗಳಲ್ಲಿ ಕೆಲಕಾಲ ಶಾಲಾ ಮಾಸ್ತರರಾಗಿ ದುಡಿದರು. ಸಂಬಳ ಬರುವ ಗೌರವದ ಕೆಲಸ ಅದು. ಆದರೆ ಅವರ ಮನಸ್ಸು ಅದರಲ್ಲಿ ನಿಲ್ಲಲಿಲ್ಲ. ಬಯಲಾಟ, ಹೆಜ್ಜೆಮೇಳ, ಮೊಹರಂ ಹಬ್ಬದ ರಿವಾಯತ ಪದಗಳು, ಪುರಾಣ ಪ್ರವಚನ ಇವೇ ಅವರನ್ನು ಸೆಳೆದವು. ಕೊನೆಗೆ ನೌಕರಿಯನ್ನು ಬಿಟ್ಟರು. ತಿಂಗಳ ಕೊನೆಗೆ ಬರುವ ಸಂಬಳದ ಬೆಲೆ ಬಲ್ಲ ನಮ್ಮಂತಹ ಬ್ಯಾಂಕ್ ನೌಕರರಿಗೆ ಆ ನಿರ್ಧಾರದ ಭಾರ ತಕ್ಷಣ ಅರ್ಥವಾಗುತ್ತದೆ.

ಗುರು ದೊರೆತ ಬಗೆ

ಶರೀಫರ ಜೀವನದ ತಿರುವು ಕಳಸದ ಗೋವಿಂದಭಟ್ಟರ ಭೇಟಿ. ಕಳಸ ಎಂಬುದು ಕುಂದಗೋಳ ತಾಲ್ಲೂಕಿನ ಒಂದು ಗ್ರಾಮ. ಗೋವಿಂದಭಟ್ಟರು ಬ್ರಾಹ್ಮಣರು, ಶಾಸ್ತ್ರ ಬಲ್ಲವರು, ದೇವಿಯ ಉಪಾಸಕರು. ಆದರೆ ಮಡಿ ಮೈಲಿಗೆಗಳ ಲೆಕ್ಕವನ್ನು ಬದಿಗಿಟ್ಟು, ಮನಸ್ಸಿಗೆ ಬಂದವರ ಮನೆಗೆ ಹೋಗಿ, ಬಂದವರನ್ನೆಲ್ಲ ಕೂಡಿಸಿಕೊಂಡು ತತ್ತ್ವ ಹೇಳುತ್ತಿದ್ದವರು. ಅಗ್ರಹಾರದ ಹಿರಿಯರಿಗೆ ಅವರು ಒಗಟಾಗಿದ್ದರು. ಕೆಲವರಿಗೆ ಹುಚ್ಚರಂತೆಯೂ ಕಂಡಿದ್ದರು.

ಮೊದಲ ಭೇಟಿಯ ಕಥೆ ಆ ಸೀಮೆಯಲ್ಲಿ ಮನೆಮಾತು. ಗುರುಗಳು ಎದುರು ಬಂದ ಹುಡುಗನನ್ನು ಅವನ ತಂದೆ ಯಾರೆಂದು ಕೇಳಿದರಂತೆ. ಹುಡುಗನು ತಡಮಾಡದೆ, ಗುರುಗಳಿಗೆ ಯಾರು ತಂದೆಯೋ ತನಗೂ ಅವನೇ ತಂದೆ ಎಂಬ ಅರ್ಥದ ಉತ್ತರ ಕೊಟ್ಟನಂತೆ. ಕೂಡಿದ್ದವರಿಗೆ ಅದು ಉದ್ಧಟತನವೆಂದು ತೋರಿತು. ಗೋವಿಂದಭಟ್ಟರಿಗೆ ಮಾತ್ರ ತಾವು ಕಾಯುತ್ತಿದ್ದ ಶಿಷ್ಯ ಸಿಕ್ಕಿದನೆಂದು ಆನಂದವಾಯಿತು. ಪ್ರಶ್ನೆ ಕುಲವನ್ನು ಕುರಿತದ್ದು, ಉತ್ತರ ಮೂಲವನ್ನು ಕುರಿತದ್ದು. ಈ ಒಂದು ಪ್ರಸಂಗದಲ್ಲಿ ಶರೀಫರ ಇಡೀ ಜೀವನದ ಸಾರ ಅಡಗಿದೆ ಎಂದು ನಮಗೆ ತೋರುತ್ತದೆ.

ಮುಂದೆ ಶರೀಫರು ಗುರುಗಳ ಜೊತೆಯಲ್ಲಿಯೇ ಬಹುಕಾಲ ಕಳೆದರು. ಒಟ್ಟಿಗೆ ಊಟ, ಒಟ್ಟಿಗೆ ತಿರುಗಾಟ, ಒಟ್ಟಿಗೆ ಚಿಂತನೆ. ಇದನ್ನು ಕಂಡ ಊರಿನವರು ಗೋವಿಂದಭಟ್ಟರನ್ನು ಆಕ್ಷೇಪಿಸಿದರು. ಮುಸಲ್ಮಾನ ಹುಡುಗನನ್ನು ಮನೆಯೊಳಗೆ ಕೂಡಿಸಿಕೊಂಡು ಉಣ್ಣುವುದು ಕುಲಾಚಾರಕ್ಕೆ ಸಲ್ಲದೆಂದರು, ಬಹಿಷ್ಕಾರದ ಬೆದರಿಕೆ ಹಾಕಿದರು. ಆಗ ಗುರುಗಳು ಶಿಷ್ಯನ ಕೊರಳಿಗೆ ಜನಿವಾರವನ್ನೇ ಹಾಕಿಬಿಟ್ಟರು ಎಂಬ ಪ್ರಸಂಗ ನಾಡಿನಲ್ಲೆಲ್ಲ ಪ್ರಸಿದ್ಧ. ಈ ಪ್ರಸಂಗವನ್ನು ನಾವು ತಪ್ಪಾಗಿ ಅರ್ಥೈಸಬಾರದು. ಶರೀಫರನ್ನು ಒಂದು ಮತದಿಂದ ಇನ್ನೊಂದಕ್ಕೆ ಎಳೆದುಕೊಳ್ಳುವುದು ಗೋವಿಂದಭಟ್ಟರ ಉದ್ದೇಶವಾಗಿರಲಿಲ್ಲ. ಶರೀಫರು ಕೊನೆಯವರೆಗೂ ಶರೀಫರಾಗಿಯೇ ಉಳಿದರು, ಹೆಸರನ್ನು ಬದಲಿಸಲಿಲ್ಲ, ಖಾದರಶಾ ವಲಿಯ ಗದ್ದುಗೆಗೆ ನಡೆದುಕೊಳ್ಳುವುದನ್ನು ಬಿಡಲಿಲ್ಲ. ಜನಿವಾರದಿಂದ ಮನುಷ್ಯರನ್ನು ವಿಂಗಡಿಸುವವರಿಗೆ, ಅದು ಬರಿಯ ನೂಲೆಂದು ತೋರಿಸಲು ಗುರು ಆ ನೂಲನ್ನೇ ಬಳಸಿದರು.

ನಮ್ಮ ತೆಲುಗು ನೆರೆಹೊರೆಯವರಿಗೆ ಈ ಕಥೆ ಹೇಳಿದರೆ ಅವರಿಗೆ ಕೂಡಲೇ ಪೋತುಲೂರಿ ವೀರಬ್ರಹ್ಮೇಂದ್ರಸ್ವಾಮಿ ಮತ್ತು ಸಿದ್ದಯ್ಯ ನೆನಪಾಗುತ್ತಾರೆ. ಕಡಪ ಜಿಲ್ಲೆಯ ಕಂದಿಮಲ್ಲಾಯಪಲ್ಲಿಯಲ್ಲಿ ನೆಲೆಸಿದ್ದ ಬ್ರಹ್ಮಂಗಾರಿಗೆ ಅತ್ಯಂತ ಪ್ರಿಯನಾದ ಶಿಷ್ಯ ಸಿದ್ದಯ್ಯನು ದೂದೇಕುಲ ಮುಸಲ್ಮಾನರ ಮನೆಯಲ್ಲಿ ಹುಟ್ಟಿದವನು. ಹಿಂಜಿದ ಹತ್ತಿಯ ಕೆಲಸ ಮಾಡುವ ಆ ಸಮುದಾಯವನ್ನು ನಮ್ಮ ಕಡೆ ಪಿಂಜಾರರೆಂದು ಕರೆಯುತ್ತೇವೆ. ತೆಲುಗು ನಾಡಿನ ಆ ಗುರುಶಿಷ್ಯರನ್ನೂ ಕನ್ನಡ ನಾಡಿನ ಈ ಗುರುಶಿಷ್ಯರನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ದಖ್ಖನಿನ ಮಣ್ಣಿನ ಗುಣವೇ ಇಂಥದ್ದೇನೋ ಎಂದೆನಿಸುತ್ತದೆ.

ಸಂಸಾರ ಮತ್ತು ಸಂಕಟ

ಶರೀಫರು ಸಂನ್ಯಾಸಿಯಾಗಿ ಹೊರಟವರಲ್ಲ. ತಂದೆತಾಯಿಯ ಇಚ್ಛೆಯಂತೆ ಕುಂದಗೋಳದ ಫಾತಿಮಾ ಎಂಬುವರನ್ನು ವಿವಾಹವಾದರು. ಒಂದು ಹೆಣ್ಣು ಮಗುವೂ ಆಯಿತು. ಆದರೆ ಆ ಸಂಸಾರ ಬಹುಕಾಲ ನಿಲ್ಲಲಿಲ್ಲ. ಮಗು ತೀರಿಹೋಯಿತು, ಹೆಂಡತಿಯೂ ತೀರಿಹೋದರು. ಕೈಯಲ್ಲಿ ಕೆಲಸವಿಲ್ಲ, ಮನೆಯಲ್ಲಿ ಮನುಷ್ಯರಿಲ್ಲ. ದೇವರನ್ನು ದೂರಲು, ಇಲ್ಲವೇ ದೇವರಿಂದಲೇ ದೂರ ಸರಿಯಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಶರೀಫರು ಆ ಎರಡನ್ನೂ ಮಾಡಲಿಲ್ಲ. ತಮ್ಮ ದುಃಖವನ್ನೇ ಪದವಾಗಿಸಿದರು. ಮಳೆಗೆ ಸೋರುವ ಮಾಳಿಗೆ, ತವರು ಬಿಟ್ಟು ಅತ್ತೆಯ ಮನೆಗೆ ಹೊರಟು ಕಣ್ಣೀರಿಡುವ ಹುಡುಗಿ, ಕಾಲು ಜಾರದಂತೆ ಎಚ್ಚರದಿಂದ ನಡೆಯಬೇಕಾದ ಮುದುಕಿ, ನುಡಿಸಲು ಬಾರದವನ ಕೈಯಲ್ಲಿರುವ ತಂಬೂರಿ ಇವೆಲ್ಲ ಅವರ ಪದಗಳಲ್ಲಿ ಬರುವ ಚಿತ್ರಗಳು. ಕೇಳುವವರಿಗೆ ಮೊದಲು ಮನೆಮಾತಿನಂತೆ ಕೇಳಿಸುತ್ತದೆ, ನಗುವೂ ಬರುತ್ತದೆ. ಸ್ವಲ್ಪ ಯೋಚಿಸಿದಾಗ ಆ ಮಾಳಿಗೆ ನಮ್ಮದೇ ಮನಸ್ಸು, ಆ ತಂಬೂರಿ ನಮ್ಮದೇ ದೇಹ, ಆ ತವರು ಬಿಟ್ಟ ಹುಡುಗಿ ಈ ಲೋಕ ಬಿಟ್ಟು ಹೊರಡುವ ಜೀವ ಎಂಬುದು ಹೊಳೆಯುತ್ತದೆ.

ಕೋಳಿಯಂತಹ ಸಣ್ಣ ಪ್ರಾಣಿ ಕೋಡಗವನ್ನು ನುಂಗುವಂತಹ ತಲೆಕೆಳಗಾದ ಚಿತ್ರಗಳೂ ಅವರಲ್ಲಿವೆ. ಅಲ್ಲಮನ ಬೆಡಗಿನ ವಚನಗಳಲ್ಲಿಯೂ ಉತ್ತರ ಭಾರತದ ಕಬೀರನ ಪದಗಳಲ್ಲಿಯೂ ಇದೇ ಬಗೆಯನ್ನು ಕಾಣುತ್ತೇವೆ. ಶರೀಫರನ್ನು ಕರ್ನಾಟಕದ ಕಬೀರನೆಂದು ಕರೆಯುವುದು ಇದೇ ಕಾರಣಕ್ಕೆ. ಹುಬ್ಬಳ್ಳಿ ಸೀಮೆಗೆ ಹೊಸದಾಗಿ ಗಿರಣಿ ಬಂದಾಗ ಶರೀಫರು ಅದನ್ನೂ ಬಿಡಲಿಲ್ಲ. ತಿರುಗುವ ಚಕ್ರ, ನೂಲುವ ಯಂತ್ರಗಳಲ್ಲಿ ಅವರಿಗೆ ದೇಹದೊಳಗಿನ ಕಾರ್ಯವೇ ಕಂಡಿತು. ಪುರಾಣದಲ್ಲಿ ಮಾತ್ರವಲ್ಲ, ಹೊಗೆ ಕಾರುವ ಗಿರಣಿಯಲ್ಲಿಯೂ ತತ್ತ್ವ ಕಾಣಬಲ್ಲ ಕಣ್ಣು ಅವರದು.

ಎಲ್ಲ ಬಾಗಿಲುಗಳಲ್ಲಿ ಹಾಡಿದವರು

ತಮ್ಮ ಪದಗಳಿಗೆ ಶರೀಫರು ಇಟ್ಟುಕೊಂಡ ಅಂಕಿತ ಶಿಶುನಾಳಧೀಶ. ಅದು ಅವರ ಊರಿನ ಬಸವಣ್ಣ ದೇವರ ಹೆಸರು. ಮುಸಲ್ಮಾನರ ಮನೆಯಲ್ಲಿ ಹುಟ್ಟಿ, ಬ್ರಾಹ್ಮಣ ಗುರುವಿನಿಂದ ಬೋಧೆ ಪಡೆದು, ಬಸವಣ್ಣನ ಹೆಸರಿನಲ್ಲಿ ಹಾಡಿದ ಈ ಮನುಷ್ಯ ಮೂರು ದಾರಿಗಳು ಕೂಡುವ ಜಾಗದಲ್ಲಿ ನಿಂತಿದ್ದರು.

ಅವರ ಪದಗಳ ವ್ಯಾಪ್ತಿಯೂ ಅಷ್ಟೇ ವಿಶಾಲ. ಗುರುವಿನ ಮಹಿಮೆ ಇದೆ, ದೇವಿಯ ಸ್ತುತಿ ಇದೆ, ಊರೂರಿನ ಗ್ರಾಮದೇವತೆಗಳ ಹಾಡುಗಳಿವೆ, ಹುಲಗೂರಿನ ಖಾದರಶಾ ವಲಿಯ ಸ್ಮರಣೆ ಇದೆ, ಮೊಹರಂ ಹಬ್ಬಕ್ಕಾಗಿ ಕಟ್ಟಿದ ಪದಗಳಿವೆ. ಕ್ರಿ.ಶ. 680ರಲ್ಲಿ ಕರ್ಬಲಾ ಮೈದಾನದಲ್ಲಿ ಹುತಾತ್ಮರಾದ ಇಮಾಮ್ ಹುಸೇನರ ಶೋಕವನ್ನು ಧಾರವಾಡದ ಅಚ್ಚ ಕನ್ನಡದಲ್ಲಿ, ಹೆಜ್ಜೆ ಹಾಕಿ ಕುಣಿಯುವ ಮಟ್ಟಿನಲ್ಲಿ ಹಾಡುವುದು ಆ ಸೀಮೆಯ ಪದ್ಧತಿ. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಮುಸಲ್ಮಾನರ ಒಂದೇ ಒಂದು ಮನೆ ಇಲ್ಲದಿದ್ದರೂ ಅಲಾಯಿ ಹಬ್ಬ ನಡೆಯುತ್ತದೆ. ತೆಲಂಗಾಣದ ಹಳ್ಳಿಗಳಲ್ಲಿ ಅದನ್ನೇ ಪೀರ್ಲ ಪಂಡುಗ ಎನ್ನುತ್ತಾರೆ. ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದುದರಿಂದ, ಆ ಭಾಗದಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಹಿರಿಯರಿಗೆ ಈ ಹಬ್ಬದ ನೆನಪು ಇನ್ನೂ ಹಸಿರಾಗಿದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮತದ ಎಲ್ಲೆ ಮೀರುವುದೆಂದರೆ ಎಲ್ಲವನ್ನೂ ತೊರೆದು ದೂರ ಹೋಗುವುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಶರೀಫರು ಯಾವ ಗುಡಿಯನ್ನೂ ತೊರೆಯಲಿಲ್ಲ, ಯಾವ ದರ್ಗಾವನ್ನೂ ತೊರೆಯಲಿಲ್ಲ. ಎಲ್ಲ ಕಡೆಗೂ ಹೋದರು, ಎಲ್ಲ ಕಡೆಯೂ ಹಾಡಿದರು. ಆದರೆ ಯಾವ ಬಾಗಿಲೂ ತನ್ನ ಹೊರತು ಬೇರೆ ಬಾಗಿಲಿಲ್ಲವೆಂದು ಹೇಳಲು ಬಿಡಲಿಲ್ಲ. ಅವರ ದಾರಿ ನಿರಾಕರಣೆಯ ದಾರಿಯಲ್ಲ, ಒಳಗೊಳ್ಳುವ ದಾರಿ.

ಹಾಗೆಂದು ಎಲ್ಲವನ್ನೂ ಹೊಗಳಿ ಸುಮ್ಮನಾದವರೂ ಅಲ್ಲ. ಒಳಗೆ ಭಕ್ತಿಯಿಲ್ಲದೆ ಹೊರಗೆ ವೇಷ ಹಾಕಿದವರು ಯಾವ ಮತದವರಾದರೂ ಅವರ ಚಾಟಿಯೇಟಿನಿಂದ ತಪ್ಪಿಸಿಕೊಳ್ಳಲಿಲ್ಲ. ಡಾಂಭಿಕ ಪೂಜಾರಿಯೂ ಡಾಂಭಿಕ ಫಕೀರನೂ ಅವರ ದೃಷ್ಟಿಯಲ್ಲಿ ಒಂದೇ.

ಎರಡೂ ಕಡೆಯ ಮುನಿಸು

ಇಂತಹ ಮನುಷ್ಯನನ್ನು ಸಮಾಜ ಸುಲಭವಾಗಿ ಸಹಿಸುವುದಿಲ್ಲ. ಗುಡಿ ಗುಂಡಾರ ಸುತ್ತುತ್ತ, ಬ್ರಾಹ್ಮಣನ ಕಾಲಿಗೆ ಬೀಳುವ ಇವನು ಎಂಥ ಮುಸಲ್ಮಾನ ಎಂದು ತಮ್ಮವರು ಕೋಪಿಸಿಕೊಂಡರು. ಜನಿವಾರ ಹಾಕಿದ ಮಾತ್ರಕ್ಕೆ ಇವನು ನಮ್ಮವನಾಗುವನೇ ಎಂದು ಅತ್ತ ಅಗ್ರಹಾರದವರು ಮೂಗು ಮುರಿದರು. ಎರಡೂ ಮನೆಗಳು ತನ್ನವೆಂದು ಹೇಳಿದವನಿಗೆ ಎರಡೂ ಮನೆಗಳ ಜಗಲಿಯಲ್ಲೇ ನಿಲ್ಲಬೇಕಾದ ಪರಿಸ್ಥಿತಿ ಒದಗಿತು.

ಬ್ಯಾಂಕಿನಲ್ಲಿ ಬಹುಕಾಲ ದುಡಿದ ನಮಗೆ ಅರ್ಜಿಗಳ ಪರಿಚಯ ಚೆನ್ನಾಗಿದೆ. ಹೆಸರು, ತಂದೆಯ ಹೆಸರು, ವಿಳಾಸ, ಉದ್ಯೋಗಗಳ ಜೊತೆಗೆ ಧರ್ಮದ ಕಾಲಂ ಒಂದನ್ನು ಎಷ್ಟೋ ಅರ್ಜಿಗಳಲ್ಲಿ ಕಂಡಿದ್ದೇವೆ. ಗ್ರಾಹಕರು ಅದನ್ನು ಕ್ಷಣವೂ ಯೋಚಿಸದೆ ತುಂಬುತ್ತಾರೆ. ಶರೀಫರ ಮುಂದೆ ಆ ಅರ್ಜಿ ಇಟ್ಟಿದ್ದರೆ ಏನಾಗುತ್ತಿತ್ತು ಎಂದು ಕೆಲವೊಮ್ಮೆ ಯೋಚಿಸುತ್ತೇವೆ. ಅವರು ಆ ಕಾಲಮನ್ನು ಖಾಲಿ ಬಿಡುತ್ತಿರಲಿಲ್ಲವೆಂದೇ ನಮ್ಮ ಭಾವನೆ. ಕಾಲಮಿನ ಜಾಗವೇ ಅವರಿಗೆ ಸಾಲುತ್ತಿರಲಿಲ್ಲ, ಅಷ್ಟೆ.

ಅಂದಿನ ಧಾರವಾಡ ಸೀಮೆಯಲ್ಲಿ ಶರೀಫರು ಒಬ್ಬಂಟಿಯಾಗಿರಲಿಲ್ಲ ಎಂಬುದು ಸಮಾಧಾನದ ಸಂಗತಿ. ಹುಬ್ಬಳ್ಳಿಯ ಸಿದ್ಧಾರೂಢರು, ನವಲಗುಂದದ ನಾಗಲಿಂಗಸ್ವಾಮಿಗಳು, ಗರಗದ ಮಡಿವಾಳಪ್ಪನವರು ಎಲ್ಲರೂ ಅದೇ ಕಾಲದ ಅದೇ ಭಾಗದ ಅವಧೂತರು. ಇವರೆಲ್ಲರೂ ಪರಸ್ಪರ ಭೇಟಿಯಾದ, ಕೂಡಿ ತತ್ತ್ವಚರ್ಚೆ ಮಾಡಿದ ಕಥೆಗಳನ್ನು ಜನ ಇಂದಿಗೂ ಹೇಳುತ್ತಾರೆ. 1858ರ ನರಗುಂದದ ಬಂಡಾಯ, 1876ರಿಂದ 78ರವರೆಗಿನ ಭೀಕರ ಬರಗಾಲಗಳ ನಡುವೆ ನಲುಗಿದ ಹಳ್ಳಿಗಳಿಗೆ ಇಂಥವರ ಮಾತೇ ಆಸರೆ. ಧಾತು ಮತ್ತು ಈಶ್ವರ ಸಂವತ್ಸರಗಳ ಆ ಬರದಲ್ಲಿ ಹಸಿವು ಯಾರ ಮತವನ್ನೂ ಕೇಳಲಿಲ್ಲ. ಹಸಿದವರ ನಡುವೆ ಕುಳಿತು ಹಾಡಿದವರಿಗೆ ಮತದ ಜಗಳ ಎಷ್ಟು ಸಣ್ಣದಾಗಿ ಕಂಡಿರಬೇಕು ಎಂಬುದನ್ನು ನಾವು ಊಹಿಸಬಹುದು.

ಕೊನೆಯ ದಿನಗಳು

ಶರೀಫರು 1889ರಲ್ಲಿ, ಸುಮಾರು ಎಪ್ಪತ್ತರ ವಯಸ್ಸಿನಲ್ಲಿ, ತಮ್ಮ ಹುಟ್ಟೂರಿನಲ್ಲಿಯೇ ದೇಹಬಿಟ್ಟರು. ಅಂತ್ಯ ಸಮೀಪಿಸಿದಾಗ ಜಂಗಮರನ್ನು ಬರಮಾಡಿಕೊಂಡು, ಅವರ ಪಾದವನ್ನು ತಮ್ಮ ತಲೆಯ ಮೇಲೆ ಇರಿಸಿಕೊಂಡರೆಂದು ಹೇಳುತ್ತಾರೆ. ಅದು ವೀರಶೈವ ಸಂಪ್ರದಾಯ. ಮರಣಾನಂತರ ಸಂಸ್ಕಾರ ಯಾರ ಪದ್ಧತಿಯಂತೆ ನಡೆಯಬೇಕೆಂಬ ಪ್ರಶ್ನೆ ಎದ್ದಿತು. ಕಬೀರನ ವಿಷಯದಲ್ಲಿ ಎದ್ದಿತೆನ್ನಲಾದ ಜಗಳವೇ ಇಲ್ಲಿಯೂ ಏಳಬಹುದಿತ್ತು. ಆದರೆ ಶಿಶುನಾಳದ ಜನ ವಿವೇಕ ತೋರಿದರು. ಒಂದು ಕಡೆ ಮುಸಲ್ಮಾನರು ಕುರಾನಿನ ಪಠಣ ಮಾಡಿದರು, ಇನ್ನೊಂದು ಕಡೆ ಹಿಂದೂಗಳು ತಮ್ಮ ಮಂತ್ರಗಳನ್ನು ಹೇಳಿದರು. ಬದುಕಿದ್ದಾಗ ಶರೀಫರನ್ನು ಪೂರ್ತಿಯಾಗಿ ಒಪ್ಪದ ಎರಡು ಸಮಾಜಗಳು ಅವರ ಮರಣದಲ್ಲಿ ಅಕ್ಕಪಕ್ಕ ನಿಂತವು.

ಅವರ ಗದ್ದುಗೆ ಇರುವ ಸ್ಥಳ ಇಂದು ಶರೀಫಗಿರಿ ಎಂದು ಹೆಸರಾಗಿದೆ. ಎರಡೂ ಮತದ ಜನ ಅಲ್ಲಿಗೆ ಬಂದು ತಮ್ಮ ತಮ್ಮ ರೀತಿಯಲ್ಲಿ ಪೂಜೆ, ಫಾತೆಹಾ ಸಲ್ಲಿಸುತ್ತಾರೆ. ಗುರು ಗೋವಿಂದಭಟ್ಟರ ಹೆಸರಿಲ್ಲದೆ ಅಲ್ಲಿ ಶರೀಫರ ಹೆಸರನ್ನು ಯಾರೂ ಹೇಳುವುದಿಲ್ಲ.

ಶರೀಫರು ಯಾವ ಹೊಸ ಪಂಥವನ್ನೂ ಕಟ್ಟಲಿಲ್ಲ. ಪೀಠವಿಲ್ಲ, ಉತ್ತರಾಧಿಕಾರಿಯಿಲ್ಲ, ದೀಕ್ಷೆಯ ನಿಯಮಗಳಿಲ್ಲ. ಉಳಿದದ್ದು ಪದಗಳು ಮಾತ್ರ. ಅವನ್ನೂ ಉಳಿಸಿದವರು ಪಂಡಿತರಲ್ಲ. ಏಕತಾರಿ, ದಮ್ಮಡಿ, ತಾಳ ಹಿಡಿದು ರಾತ್ರಿಯೆಲ್ಲ ಹಾಡುವ ಹಳ್ಳಿಯ ಭಜನಾ ಮೇಳದವರು. ಬಾಯಿಂದ ಬಾಯಿಗೆ ಹರಿದುಬಂದ ಆ ಪದಗಳನ್ನು ಆಮೇಲೆ ವಿದ್ವಾಂಸರು ಸಂಗ್ರಹಿಸಿ ಅಚ್ಚು ಹಾಕಿಸಿದರು. ಸಿ. ಅಶ್ವತ್ಥ್ ಅವರ ಕಂಠದಿಂದ ಅವು ನಗರಗಳಿಗೂ ಬಂದವು. 1990ರಲ್ಲಿ ಟಿ.ಎಸ್. ನಾಗಾಭರಣ ಅವರು ನಿರ್ದೇಶಿಸಿದ ಸಂತ ಶಿಶುನಾಳ ಶರೀಫ ಚಲನಚಿತ್ರದಲ್ಲಿ ಶ್ರೀಧರ್ ಶರೀಫರಾಗಿಯೂ ಗಿರೀಶ ಕಾರ್ನಾಡರು ಗೋವಿಂದಭಟ್ಟರಾಗಿಯೂ ಅಭಿನಯಿಸಿದರು. ರಾಷ್ಟ್ರೀಯ ಭಾವೈಕ್ಯದ ಅತ್ಯುತ್ತಮ ಚಿತ್ರಕ್ಕೆ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಆ ಚಿತ್ರಕ್ಕೆ ಸಂದಿತು. ಅಶ್ವತ್ಥ್ ಅವರು 2009ರಲ್ಲಿ ನಮ್ಮನ್ನಗಲಿದರೂ ಅವರು ಕೂಡಿಸಿದ ರಾಗಗಳಲ್ಲಿಯೇ ಇಂದಿಗೂ ನಮ್ಮ ಮನೆಗಳಲ್ಲಿ ಶರೀಫರು ಕೇಳಿಬರುತ್ತಾರೆ.

ಶಂಶಾಬಾದಿನಿಂದ ನೋಡಿದಾಗ

ನಮ್ಮ ಶಂಶಾಬಾದನ್ನು ಹೊರಗಿನವರು ವಿಮಾನ ನಿಲ್ದಾಣದಿಂದ ಗುರುತಿಸುತ್ತಾರೆ. 2008ರಲ್ಲಿ ನಿಲ್ದಾಣ ಆರಂಭವಾದ ಮೇಲೆ ಊರಿನ ಚಹರೆಯೇ ಬದಲಾಯಿತು. ಆದರೆ ಈ ಸೀಮೆಗೆ ಇನ್ನೊಂದು ಮುಖವೂ ಇದೆ. ಇಲ್ಲಿಂದ ಕೊತ್ತೂರಿನ ಕಡೆಗೆ ಸಾಗಿದರೆ ಇನ್ಮುಲ್ ನರ್ವ ಗ್ರಾಮದಲ್ಲಿ ಜಹಾಂಗೀರ್ ಪೀರಾ ದರ್ಗಾ ಸಿಗುತ್ತದೆ. ಹರಕೆ ಹೊತ್ತು ಅಲ್ಲಿಗೆ ಬರುವ ಭಕ್ತರಲ್ಲಿ ಹಿಂದೂಗಳೂ ಬಹಳ. ಹುಲಗೂರಿಗೆ ನಡೆದುಕೊಂಡ ಇಮಾಮ್ ಸಾಹೇಬರಂತೆಯೇ ಅವರೂ ತಮ್ಮ ಮಗುವಿಗಾಗಿ, ಬೆಳೆಗಾಗಿ, ಆರೋಗ್ಯಕ್ಕಾಗಿ ಬಂದವರು.

ಇತ್ತ ಮುಚ್ಚಿಂತಲದಲ್ಲಿ 2022ರ ಫೆಬ್ರವರಿಯಲ್ಲಿ ಲೋಕಾರ್ಪಣೆಗೊಂಡ 216 ಅಡಿ ಎತ್ತರದ ರಾಮಾನುಜಾಚಾರ್ಯರ ಪ್ರತಿಮೆ ಇದೆ. ಆಚಾರ್ಯರು ನಮ್ಮ ಮೇಲುಕೋಟೆಯಲ್ಲಿಯೂ ನೆಲೆಸಿದ್ದವರು. ಗುಟ್ಟಾಗಿ ಉಪದೇಶ ಪಡೆದ ಮಂತ್ರವನ್ನು ತಿರುಕ್ಕೋಷ್ಟಿಯೂರಿನ ದೇವಾಲಯದ ಮೇಲೇರಿ ಎಲ್ಲರಿಗೂ ಕೇಳುವಂತೆ ಸಾರಿದರೆಂಬ ಕಥೆ ಅವರ ಹೆಸರಿನೊಡನೆ ಬೆಸೆದುಕೊಂಡಿದೆ. ಅವರು ಸಂಪ್ರದಾಯದ ಒಳಗಿದ್ದುಕೊಂಡೇ ಅದರ ಬಾಗಿಲನ್ನು ಅಗಲಗೊಳಿಸಿದವರು. ಶರೀಫರು ಬಾಗಿಲುಗಳ ನಡುವಿನ ಬಯಲಲ್ಲಿ ನಿಂತು ಹಾಡಿದವರು. ದಾರಿಗಳು ಬೇರೆಯಾದರೂ ದೇವರು ಕೆಲವರ ಸೊತ್ತಲ್ಲವೆಂಬ ಮಾತಿನಲ್ಲಿ ಇಬ್ಬರೂ ಒಂದಾಗುತ್ತಾರೆ.

ಇಂದಿನ ನಮ್ಮ ಮಕ್ಕಳು ಬೇರೆ ಬೇರೆ ರಾಜ್ಯಗಳ, ಬೇರೆ ಬೇರೆ ಮತಗಳ ಗೆಳೆಯರ ನಡುವೆ ಬೆಳೆಯುತ್ತಿದ್ದಾರೆ. ಹಬ್ಬಕ್ಕೆ ಪೂಜೆ ಏಕೆ ಮಾಡಬೇಕು, ಗೆಳೆಯನ ಮನೆಯ ದೇವರೂ ನಮ್ಮ ದೇವರೂ ಬೇರೆಯೇ ಎಂದು ಕೇಳುತ್ತಾರೆ. ಕೆಲವರು ತಮಗೆ ಮತ ಬೇಡ, ಆಧ್ಯಾತ್ಮ ಮಾತ್ರ ಸಾಕು ಎಂದೂ ಹೇಳುತ್ತಾರೆ. ಈ ಮಾತು ಕೇಳಿ ಹಿರಿಯರಾದ ನಾವು ಗಾಬರಿಯಾಗುವ ಅಗತ್ಯವಿಲ್ಲ. ನಮ್ಮ ನಾಡಿನಲ್ಲಿ ಈ ಪ್ರಶ್ನೆ ಹೊಸದಲ್ಲ. ಆದರೆ ಅವರಿಗೆ ಶರೀಫರ ಜೀವನವನ್ನು ಪೂರ್ತಿಯಾಗಿ ಹೇಳಬೇಕಾದುದು ನಮ್ಮ ಕರ್ತವ್ಯ. ಮತದ ಕಟ್ಟಳೆ ಬೇಡವೆಂದ ಮಾತ್ರಕ್ಕೆ ದಾರಿ ಸುಲಭವಾಗುವುದಿಲ್ಲ. ಶರೀಫರಿಗೆ ಗುರುವಿದ್ದರು, ಕಠಿಣವಾದ ಸಾಧನೆಯಿತ್ತು, ಹಲವು ಗ್ರಂಥಗಳ ಆಳವಾದ ತಿಳಿವಳಿಕೆಯಿತ್ತು, ಕೂಡಿ ಹಾಡುವ ಜನರಿದ್ದರು. ತಮಗೆ ಅನುಕೂಲವಾದುದನ್ನು ಆರಿಸಿಕೊಂಡು ಕಷ್ಟವಾದುದನ್ನು ಬಿಡುವುದಕ್ಕೂ ಶರೀಫರ ಸ್ವಾತಂತ್ರ್ಯಕ್ಕೂ ಬಹಳ ಅಂತರವಿದೆ. ಅವರು ಬಿಟ್ಟದ್ದು ಅನುಕೂಲವನ್ನು, ಉಳಿಸಿಕೊಂಡದ್ದು ಭಕ್ತಿಯನ್ನು.

ಇನ್ನೊಂದು ಮಾತು ನಮ್ಮಂತಹ ಹಿರಿಯರಿಗೆ. ಶರೀಫರ ಹಾಡಿಗೆ ಸಭೆಯಲ್ಲಿ ಚಪ್ಪಾಳೆ ತಟ್ಟುವುದು ಸುಲಭ. ಪಕ್ಕದ ಮನೆಗೆ ಬಾಡಿಗೆಗೆ ಬರುವವರ ಮತ ಕೇಳಿ ಹಿಂಜರಿಯುವಾಗ, ಮಗಳ ಗೆಳತಿಯ ಹೆಸರು ಕೇಳಿ ಮುಖ ಬದಲಾಗುವಾಗ, ಆ ಹಾಡು ನಮ್ಮೊಳಗೆ ಇಳಿದಿದೆಯೇ ಇಲ್ಲವೇ ಎಂಬುದು ತಿಳಿಯುತ್ತದೆ. ಶಿಶುನಾಳದ ಇಮಾಮ್ ಸಾಹೇಬರು ಸುಮಾರು ಇನ್ನೂರು ವರ್ಷಗಳ ಹಿಂದೆ ತಮ್ಮ ಮಗನಿಗೆ ಬೇರೆ ಮನೆಯ ಕಥೆಗಳನ್ನೂ ಹೇಳಿ ಬೆಳೆಸಿದರು. ಕಳಸದ ಗೋವಿಂದಭಟ್ಟರು ಬೇರೆ ಮನೆಯ ಮಗನನ್ನು ತಮ್ಮ ಎಲೆಯ ಪಕ್ಕದಲ್ಲಿ ಕೂಡಿಸಿಕೊಂಡರು. ಒಬ್ಬ ತಂದೆ ಮತ್ತು ಒಬ್ಬ ಗುರು ತೋರಿದ ಆ ಧೈರ್ಯವಿಲ್ಲದಿದ್ದರೆ ಕನ್ನಡಕ್ಕೆ ಶರೀಫರು ದೊರೆಯುತ್ತಲೇ ಇರಲಿಲ್ಲ.

ಊರಿಗೆ ಹೋಗುವ ರಜೆಯಲ್ಲಿ ಹುಬ್ಬಳ್ಳಿಯವರೆಗೆ ಹೋಗುವ ಕುಟುಂಬಗಳು ಒಂದು ದಿನ ಬಿಡುವು ಮಾಡಿಕೊಂಡು ಶಿಶುನಾಳವನ್ನೂ, ಸಾಧ್ಯವಾದರೆ ಕಳಸ ಮತ್ತು ಹುಲಗೂರುಗಳನ್ನೂ ಮಕ್ಕಳಿಗೆ ತೋರಿಸಿ ಬರಬೇಕೆಂದು ನಮ್ಮ ವಿನಮ್ರ ಸಲಹೆ. ಗುರುವಿನ ಊರು, ಶಿಷ್ಯನ ಊರು, ಹರಕೆಯ ಊರು ಈ ಮೂರೂ ಅಲ್ಲಿ ನೆರೆಹೊರೆಯಾಗಿವೆ. ಅವುಗಳ ನಡುವಿನ ಹೊಲದ ದಾರಿಗಳಲ್ಲಿ ನಡೆದೇ ಶರೀಫರು ಶರೀಫರಾದರು.